'ಮೊದಲನೆಯ ಶತಮಾನದ ಮಾರ್ಕ' ವಿಡಿಯೊವನ್ನು ಸಭೆಯಲ್ಲಿ ತೋರಿಸುವ ಮುನ್ನ

ಹೊಸ ಒಡಂಬಡಿಕೆಯ ವಿಶ್ವಾಸಾರ್ಹತೆಯ ಕುರಿತು ನಮ್ಮ ಸಭೆಯ ಯೌವನಸ್ಥರಿಗೆ ಎಂಟು ಪಾಠಗಳನ್ನು ಮಾಡುವ ಹೊಣೆಯನ್ನು ನಮ್ಮ ಪಾದ್ರಿ ಅಯ್ಯನವರು ನನಗೆ ಒಪ್ಪಿಸಿದ್ದರು. ಆಗ ನಾನು ಮಾಡಿದ ತಪ್ಪನ್ನು, ಅದೇ ಸಾಮಗ್ರಿಯನ್ನು ಈಗಲೂ ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುತ್ತಿರುವ ಬೇರೆ ಸಭೆಗಳವರೂ ಮಾಡದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ದೈವಶಾಸ್ತ್ರ ಓದಿದವನಲ್ಲ, ಬ್ಯಾಂಕಿನ ನೌಕರ. ಹಾಗಾಗಿ ಆರು ವಾರಗಳ ಆನ್‌ಲೈನ್ ಅಪಾಲಜೆಟಿಕ್ಸ್ (ನಂಬಿಕೆಯನ್ನು ವಾದದಿಂದ ಸಮರ್ಥಿಸುವ ವಿದ್ಯೆ) ಕೋರ್ಸೊಂದಕ್ಕೆ 4,500 ರೂಪಾಯಿ ಕಟ್ಟಿ ಸೇರಿಕೊಂಡೆ. ಅವರು ಕೊಟ್ಟದ್ದು ಅಂದವಾದ ಸ್ಲೈಡುಗಳು, ಎರಡು ಮೂರು ನಿಮಿಷಗಳ ವಾದವಿವಾದದ ವಿಡಿಯೊ ತುಣುಕುಗಳು ಮತ್ತು ಯಾರು ಏನು ಕೇಳಿದರೆ ಏನು ಹೇಳಬೇಕೆಂಬ ಸಿದ್ಧ ಉತ್ತರಗಳು. ಒಂದು ಸ್ಲೈಡಿನಲ್ಲಿಯೂ ಆಧಾರಗ್ರಂಥದ ಹೆಸರಾಗಲಿ ಪುಟಸಂಖ್ಯೆಯಾಗಲಿ ಇರಲಿಲ್ಲ. ಸಾಲದ ಅರ್ಜಿಯೊಂದಕ್ಕೆ ದಾಖಲೆ ಲಗತ್ತಿಸದಿದ್ದರೆ ಹಿಂದಕ್ಕೆ ಕಳುಹಿಸುವ ನನಗೆ ಇಲ್ಲಿ ಅದು ಕೊರತೆಯೆಂದೇ ತೋರಲಿಲ್ಲ, ಏಕೆಂದರೆ ಅಲ್ಲಿದ್ದದ್ದೆಲ್ಲ ನಾನು ನಂಬಲು ಬಯಸಿದ ಮಾತುಗಳೇ ಆಗಿದ್ದವು.

ಮೂರನೆಯ ಪಾಠದಲ್ಲಿ ನಾನು ತೋರಿಸಿದ ವಿಡಿಯೊ ತುಣುಕು 2012ರ ಫೆಬ್ರವರಿಯಲ್ಲಿ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಬಾರ್ಟ್ ಎರ್ಮನ್ ಮತ್ತು ಡ್ಯಾನಿಯಲ್ ವ್ಯಾಲೇಸ್ ಎಂಬ ಇಬ್ಬರು ವಿದ್ವಾಂಸರ ನಡುವೆ, ಹೊಸ ಒಡಂಬಡಿಕೆಯ ಮೂಲಪಾಠ ಉಳಿದಿದೆಯೇ ಎಂಬ ಕುರಿತು ನಡೆದ ವಾದದ್ದು. ಮಾರ್ಕನ ಸುವಾರ್ತೆಯ ಹಸ್ತಪ್ರತಿಯ ತುಣುಕೊಂದು ಸಿಕ್ಕಿದೆಯೆಂದೂ ಅದು ಮೊದಲನೆಯ ಶತಮಾನದ್ದೆಂದೂ ವ್ಯಾಲೇಸ್ ಅದರಲ್ಲಿ ಹೇಳುತ್ತಾರೆ. ಮಾರ್ಕನು ಬರೆದ ಕೆಲವೇ ದಶಕಗಳೊಳಗಿನ ಪ್ರತಿಯೊಂದು ನಮ್ಮ ಕೈಯಲ್ಲಿದೆಯೆಂದರೆ ಇನ್ನೇನು ಬೇಕು? ಯೌವನಸ್ಥರು ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ.

ಮುಂದಿನ ವಾರ, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಪಾಠ ಮುಗಿಯುವವರೆಗೆ ಕಾದು, ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಬಳಿಗೆ ಬಂದ. "ಅಣ್ಣಾ, ಆ ತುಣುಕು ಮೊದಲನೆಯ ಶತಮಾನದ್ದಲ್ಲವಂತೆ. ಹಾಗೆ ಹೇಳಿದವರೇ ಆಮೇಲೆ ಕ್ಷಮೆ ಕೇಳಿದ್ದಾರಂತೆ. ನಿಮಗೆ ಗೊತ್ತಿತ್ತಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, ಕೋರ್ಸಿನವರು ಕಲಿಸಿದ್ದ ಧಾಟಿಯಲ್ಲಿಯೇ, ಸಂದೇಹವಾದಿಗಳು ಯಾವಾಗಲೂ ಹೀಗೆಯೇ ಹೇಳುತ್ತಾರೆಂದು ಉತ್ತರಿಸಿ ಕಳುಹಿಸಿಬಿಟ್ಟೆ. ತುಣುಕನ್ನು ತೋರಿಸಿದ್ದಕ್ಕಿಂತ ದೊಡ್ಡ ತಪ್ಪು ಇದೇ.

ಆ ರಾತ್ರಿ ಹುಡುಕಿ ಓದಿದಾಗ ತಿಳಿದದ್ದಿಷ್ಟು. ಆ ಪಪೈರಸ್ಸನ್ನು (ಜೊಂಡಿನಿಂದ ಮಾಡಿದ ಹಾಳೆಯ ಹಸ್ತಪ್ರತಿಯನ್ನು) ಈಜಿಪ್ಟಿನ ಆಕ್ಸಿರಿಂಕಸ್ ಹಸ್ತಪ್ರತಿಗಳ ಮಾಲೆಯ 83ನೆಯ ಸಂಪುಟದಲ್ಲಿ 5345ನೆಯ ಸಂಖ್ಯೆಯಾಗಿ 2018ರಲ್ಲಿ ಪ್ರಕಟಿಸಲಾಗಿದೆ. ಸಂಪಾದಕರು ಬರವಣಿಗೆಯ ಶೈಲಿಯನ್ನು ನೋಡಿ ಅದನ್ನು ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯ ಶತಮಾನದ ಆರಂಭದ್ದೆಂದು ಎಣಿಸಿದ್ದಾರೆ. ಅದರಲ್ಲಿ ಉಳಿದಿರುವುದು ಮಾರ್ಕನ ಮೊದಲನೆಯ ಅಧ್ಯಾಯದ ಆರು ವಚನಗಳ ಚೂರುಪಾರು ಮಾತ್ರ. ವ್ಯಾಲೇಸ್ ತಾವು ಬೇರೆಯವರ ಮಾತನ್ನು ನಂಬಿ ಹಾಗೆ ಹೇಳಿದ್ದೆಂದು ತಿಳಿಸಿ ಎರ್ಮನ್ ಅವರಲ್ಲಿ ಬಹಿರಂಗವಾಗಿ ಕ್ಷಮೆ ಕೋರಿದ್ದಾರೆ. ಆ ವಿದ್ವಾಂಸರ ಮೇಲೆ ನನಗೆ ಸಿಟ್ಟಿಲ್ಲ, ಅವರು ತಿದ್ದಿಕೊಂಡರು. ತಿದ್ದುಪಡಿ ಬಂದು ವರ್ಷಗಳಾದರೂ ಹಳೆಯ ವಿಡಿಯೊ ತುಣುಕನ್ನು ಅದಿಲ್ಲದೆ ಹಣಕ್ಕೆ ಮಾರುತ್ತಿರುವವರ ಮೇಲೆ ಸಿಟ್ಟಿದೆ. ಎರಡನೆಯ ಅಥವಾ ಮೂರನೆಯ ಶತಮಾನದ್ದಾದರೂ ಆ ಪಪೈರಸ್ಸು ಮಾರ್ಕನ ಸುವಾರ್ತೆಯ ಅತಿ ಹಳೆಯ ಪ್ರತಿಗಳ ಸಾಲಿನಲ್ಲಿಯೇ ನಿಲ್ಲುತ್ತದೆಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಇದ್ದುದನ್ನು ಇದ್ದ ಹಾಗೆ ಹೇಳಿದ್ದರೂ ಸಾಕಿತ್ತು.

ಅನಂತರ ಉಳಿದ ಸ್ಲೈಡುಗಳನ್ನು ಒಂದೊಂದಾಗಿ ಕೆದಕತೊಡಗಿದೆ. ಹೊಸ ಒಡಂಬಡಿಕೆಯೆಲ್ಲ ಕಳೆದುಹೋದರೂ ಸಭಾಪಿತೃಗಳ (ಆರಂಭದ ಶತಮಾನಗಳ ಕ್ರೈಸ್ತ ಗುರುಗಳ) ಬರಹಗಳಲ್ಲಿನ ಉಲ್ಲೇಖಗಳಿಂದಲೇ ಹನ್ನೊಂದು ವಚನಗಳ ಹೊರತು ಉಳಿದೆಲ್ಲವನ್ನೂ ಮತ್ತೆ ಕಟ್ಟಬಹುದೆಂಬ ಮಾತನ್ನು ನೀವೂ ಕೇಳಿರಬಹುದು. ಸ್ಕಾಟ್ಲೆಂಡಿನ ನ್ಯಾಯಾಧೀಶ ಡೇವಿಡ್ ಡಾಲ್ರಿಂಪಲ್ ಇದನ್ನು ಎಣಿಸಿ ನೋಡಿದರೆಂದು ಹೇಳುತ್ತಾರೆ. ಅವರು ತೀರಿಕೊಂಡದ್ದು 1792ರಲ್ಲಿ, ಈ ಕಥೆ ಅಚ್ಚಾದದ್ದು 1841ರಲ್ಲಿ, ಅದೂ ಬೇರೊಬ್ಬ ಪಾದ್ರಿಯ ಜೀವನಚರಿತ್ರೆಯೊಳಗೆ, ಊಟದ ಹೊತ್ತಿನ ಮಾತನ್ನು ಒಬ್ಬರಿಂದ ಒಬ್ಬರು ಕೇಳಿ ಹೇಳಿದ ರೂಪದಲ್ಲಿ. ನಾನು ಅದನ್ನು ಎರಡನೆಯ ಪಾಠದಲ್ಲಿ ಗಣಿತದ ಸತ್ಯವೆಂಬಂತೆ ಹೇಳಿದ್ದೆ.

ಸುಮಾರು 5,800 ಗ್ರೀಕ್ ಹಸ್ತಪ್ರತಿಗಳಿವೆಯೆಂಬ ಅಂಕಿ ಸುಳ್ಳಲ್ಲ. ಆದರೆ ಅವುಗಳಲ್ಲಿ ಬಹುಪಾಲು ಒಂಬತ್ತನೆಯ ಶತಮಾನ ಮತ್ತು ಅದರ ಈಚಿನವು ಎಂಬುದನ್ನು ಸ್ಲೈಡು ಹೇಳುವುದಿಲ್ಲ. ಕನ್ನಡಕ್ಕೆ ಬಂದಾಗ ಇದು ಇನ್ನಷ್ಟು ಕೆಡುತ್ತದೆ. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಪಿ52 ಎಂಬ ತುಣುಕು ಅಂಗೈಯಷ್ಟು ಅಗಲ, ಅದರಲ್ಲಿರುವುದು ಯೋಹಾನನ 18ನೆಯ ಅಧ್ಯಾಯದ ಕೆಲವು ಸಾಲುಗಳ ಭಾಗಗಳು. ಅದನ್ನು ಎರಡನೆಯ ಶತಮಾನದ ಮೊದಲರ್ಧದ್ದೆಂದು ಹಲವರು ಎಣಿಸಿದರೂ, ಅಕ್ಷರಶೈಲಿಯನ್ನಷ್ಟೇ ನಂಬಿ ಅಷ್ಟು ಕಿರಿದಾದ ಕಾಲವನ್ನು ಗೊತ್ತುಮಾಡಲಾಗದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ನಮ್ಮ ಗುಂಪಿಗೆ ಬಂದ ಕನ್ನಡ ಚಿತ್ರದಲ್ಲಿ ಮಾತ್ರ 'ಕ್ರಿ.ಶ. 125ರ ಯೋಹಾನನ ಸುವಾರ್ತೆ ದೊರೆತಿದೆ' ಎಂದಿತ್ತು. ಅಂಗೈಯಗಲದ ತುಣುಕು ಅನುವಾದದಲ್ಲಿ ಇಡೀ ಪುಸ್ತಕವಾಗಿತ್ತು.

ಎದುರು ಪಕ್ಷದಲ್ಲಿಯೂ ಇದೇ ವ್ಯಾಪಾರ ನಡೆಯುತ್ತದೆ. ಬೈಬಲ್ಲಿನಲ್ಲಿ ಯಾವ ಪುಸ್ತಕಗಳಿರಬೇಕೆಂದು 325ರಲ್ಲಿ ಬಿಷಪರು ಸೇರಿದ ನೈಸಿಯ ಸಮ್ಮೇಳನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ತೀರ್ಮಾನಿಸಿದನೆಂಬ ಮಾತನ್ನು ನನ್ನ ಸಹೋದ್ಯೋಗಿಯೊಬ್ಬರು ಅಷ್ಟೇ ಭರವಸೆಯಿಂದ ಹೇಳುತ್ತಾರೆ. ಆ ಸಮ್ಮೇಳನದ 20 ನಿಯಮಗಳಲ್ಲಿ ಒಂದರಲ್ಲಿಯೂ ಆ ವಿಷಯವಿಲ್ಲ. ಇಂದಿನ 27 ಪುಸ್ತಕಗಳ ಪಟ್ಟಿಯನ್ನು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರ ಪತ್ರದಲ್ಲಿ ಕೊಟ್ಟಿದ್ದಾನೆ. ಸಹೋದ್ಯೋಗಿಯ ತಪ್ಪನ್ನು ನಾನು ಐದು ನಿಮಿಷಗಳಲ್ಲಿ ಹಿಡಿದೆ. ನನ್ನ ಪಕ್ಷದ ತಪ್ಪನ್ನು ಹಿಡಿಯಲು ಇಪ್ಪತ್ತು ವರ್ಷದ ಹುಡುಗ ಬೇಕಾಯಿತು.

ಇಂತಹ ಕೋರ್ಸಿಗೆ ಹಣ ಕಟ್ಟುವ ಮೊದಲು ಯಾವುದಾದರೊಂದು ಸ್ಲೈಡನ್ನು ಕೇಳಿ ಪಡೆದು, ಅದರಲ್ಲಿರುವ ಮಾತು ಎಲ್ಲಿ, ಯಾವ ವರ್ಷ ಪ್ರಕಟವಾಯಿತೆಂದು ಲಿಖಿತವಾಗಿ ಕೇಳಿರಿ. ನಾನು ತಡವಾಗಿ ಕೇಳಿದಾಗ ಬಂದ ಉತ್ತರ 'ವಿದ್ವಾಂಸರು ಒಪ್ಪಿದ್ದಾರೆ' ಎಂಬುದಷ್ಟೇ, ಹಣವೂ ಮರಳಲಿಲ್ಲ. ವಾದದ ತುಣುಕು ಬಂದರೆ ಇಡೀ ವಾದವನ್ನು, ಮುಖ್ಯವಾಗಿ ಪರಸ್ಪರ ಪ್ರಶ್ನೆ ಕೇಳುವ ಭಾಗವನ್ನು ನೋಡದೆ ಯಾರಿಗೂ ತೋರಿಸಬೇಡಿ. ಹಸ್ತಪ್ರತಿಯ ಮಾತು ಬಂದರೆ ಅದರ ಸಂಖ್ಯೆ ಕೇಳಿರಿ. ಸಂಖ್ಯೆಯಿದ್ದರೆ ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ಹೊಸ ಒಡಂಬಡಿಕೆ ಸಂಶೋಧನಾ ಸಂಸ್ಥೆಯ ಆನ್‌ಲೈನ್ ಪಟ್ಟಿಯಲ್ಲಿ ಅದರ ಕಾಲವನ್ನೂ ಅದರಲ್ಲಿರುವ ವಚನಗಳನ್ನೂ ಪುಕ್ಕಟೆಯಾಗಿ ನೋಡಬಹುದು. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ಲಾದ ಸೈನಾಯ್ಟಿಕಸ್ ಹಸ್ತಪ್ರತಿಯ ಉಳಿದ ಪುಟಗಳ ಚಿತ್ರಗಳು 2009ರಿಂದ ಎಲ್ಲರಿಗೂ ತೆರೆದಿವೆ. ನಮ್ಮ ಬೈಬಲ್ಲಿನಲ್ಲಿ 16ನೆಯ ಅಧ್ಯಾಯದ 20ನೆಯ ವಚನದವರೆಗಿರುವ ಮಾರ್ಕನ ಸುವಾರ್ತೆ ಅದರಲ್ಲಿ 8ನೆಯ ವಚನಕ್ಕೇ ನಿಲ್ಲುವುದನ್ನು ಯೌವನಸ್ಥರು ಬೇರೆಯವರ ಕುಹಕದಿಂದ ತಿಳಿಯುವ ಮೊದಲು ನೀವೇ ತೋರಿಸಿರಿ.

ಮುಂದಿನ ಭಾನುವಾರ ನನ್ನ ತಪ್ಪುಗಳನ್ನು ಎಲ್ಲರ ಮುಂದೆ ಒಪ್ಪಿಕೊಂಡೆ. ಆ ಹುಡುಗ ಅಂದು ಬಂದಿರಲಿಲ್ಲ. ಮನೆಗೆ ಹೋದೆ. ಅವನ ತಾಯಿ ಕಾಫಿ ಕೊಟ್ಟರು. ಹುಡುಗ ನನ್ನ ಮಾತನ್ನೆಲ್ಲ ಕೇಳಿ, "ಉಳಿದ ಪಾಠಗಳನ್ನೂ ಹೀಗೆ ನೋಡಿದ್ದೀರಾ, ಅಣ್ಣಾ?" ಎಂದ. ನಾಲ್ಕನೆಯದರವರೆಗೆ ನೋಡಿದ್ದೇನೆ ಎಂದೆ. ಹಾಗಾದರೆ ಎಂಟೂ ಮುಗಿದ ಮೇಲೆ ಹೇಳಿ, ಬರುತ್ತೇನೆ ಎಂದ. ಈಗ ಆರನೆಯದರಲ್ಲಿದ್ದೇನೆ.