ಯೂವರ್ಷನ್ ಬೈಬಲ್ ಆ್ಯಪ್: ಓದಿದ್ದು ನಡತೆಗೆ ಇಳಿಯಬೇಕಾದರೆ

ಅಮೆರಿಕದ ಲೈಫ್.ಚರ್ಚ್ 2008ರಲ್ಲಿ ಹೊರತಂದ ಯೂವರ್ಷನ್ ಬೈಬಲ್ ಆ್ಯಪ್‌ಗೆ ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಭಾನುವಾರ ವಾಕ್ಯ ತೆರೆಯಿರಿ ಎಂದೊಡನೆ ಎಷ್ಟೋ ಜನ ಫೋನ್ ತೆಗೆಯುತ್ತಾರೆ. ಓದುವುದಕ್ಕೆ ಇದು ನಿಜಕ್ಕೂ ಒಳ್ಳೆಯ ಸಾಧನ. ಬದುಕು ಬದಲಾಗಲಿ ಎಂದು ಓದುವವರು ಮಾತ್ರ ಇದನ್ನು ಸ್ವಲ್ಪ ಬೇರೆ ರೀತಿಯಲ್ಲಿ ಬಳಸಬೇಕು.

ಮೊದಲು ಅನುವಾದ. ಬೈಬಲ್ ಸೊಸೈಟಿಯ ಜೆ.ವಿ., ಸಿ.ಎಲ್. ಎಂಬ ಎರಡು ಕನ್ನಡ ಅನುವಾದಗಳು ಇದರಲ್ಲಿವೆ. ಸಭೆಯಲ್ಲಿ ಕೇಳಿ ಬಾಯಿಪಾಠವಾದ ವಚನಗಳು ಬೇಕಾದವರಿಗೆ ಜೆ.ವಿ., ಹೊಸದಾಗಿ ಓದುವವರಿಗೆ ಸರಳವಾದ ಸಿ.ಎಲ್. ಅಕ್ಷರದ ಗಾತ್ರವನ್ನೂ ಸಾಲುಗಳ ನಡುವಿನ ಅಂತರವನ್ನೂ ಒಂದು ಹಂತ ಹೆಚ್ಚಿಸಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದಂತಿದ್ದು ಕಣ್ಣು ಬೇಗ ದಣಿಯುತ್ತದೆ. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಮೆಟ್ರೊ ನೆಲದಡಿಯಲ್ಲೇ ಓಡುತ್ತದೆ, ಅಲ್ಲಿ ನೆಟ್‌ವರ್ಕ್ ಕೈಕೊಡಬಹುದು. ದಾರಿಯಲ್ಲಿ ಓದುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ವಾಸಿ.

ತೊಂದರೆ ಶುರುವಾಗುವುದು ವರ್ಷದ ಓದಿನ ಯೋಜನೆಗಳಲ್ಲಿ. ಬೈಬಲಿನ 1189 ಅಧ್ಯಾಯಗಳನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಸಿ ಜನವರಿ ಕೊನೆಗೆ ಯಾಜಕಕಾಂಡದ ಬಲಿನಿಯಮಗಳಿಗೆ ಬರುವಾಗ ಉತ್ಸಾಹ ಕುಗ್ಗಿರುತ್ತದೆ. ನಾಲ್ಕು ದಿನ ತಪ್ಪಿದರೆ 13 ಅಧ್ಯಾಯ ಬಾಕಿ. ಆಮೇಲೆ ಓದು ಬಾಕಿ ತೀರಿಸುವ ಕೆಲಸವಾಗುತ್ತದೆ. ಅದರ ಬದಲು ಹೊಸ ಒಡಂಬಡಿಕೆಯ 260 ಅಧ್ಯಾಯಗಳನ್ನು ವಾರಕ್ಕೆ ಐದರಂತೆ ಓದಿ, 52 ವಾರಕ್ಕೆ ಸರಿಯಾಗುತ್ತದೆ. ತಪ್ಪಿದ ದಿನಗಳನ್ನು ಮುಂದಕ್ಕೆ ತಳ್ಳುವ ಸೌಲಭ್ಯವೂ ಯೋಜನೆಯ ಸೆಟ್ಟಿಂಗ್‌ನಲ್ಲಿದೆ, ಸಂಕೋಚವಿಲ್ಲದೆ ಬಳಸಿ. ಸತತ ದಿನಗಳನ್ನು ಎಣಿಸುವ ಸ್ಟ್ರೀಕ್ ಕಡೆ ಗಮನ ಕೊಡಬೇಡಿ: ಆ್ಯಪ್ ತೆರೆದದ್ದು ಅದಕ್ಕೆ ಗೊತ್ತು, ನೆಟ್ಟಗೆ ಓದಿದ್ದು ಗೊತ್ತಿಲ್ಲ.

ಬದಲಾವಣೆಗೆ ನೆರವಾಗುವುದು ನೋಟ್ ಬರೆಯುವ ಸೌಲಭ್ಯ. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು ಒಂದು ವಾರ ಹಿಡಿದು ನೋಡಿ. 22ರಿಂದ 24ನೇ ವಚನಗಳಲ್ಲಿ ಹಳೆಯ ಸ್ವಭಾವವನ್ನು ತೆಗೆದುಹಾಕಿ ಹೊಸದನ್ನು ಧರಿಸಿಕೊಳ್ಳುವ ಮಾತಿದೆ. ಮುಂದೆ ಪತ್ರ ಬರೆದ ಪೌಲನು ಬಿಡಬೇಕಾದ್ದನ್ನು ಹೇಳಿದಲ್ಲಿ ಅದರ ಜಾಗಕ್ಕೆ ಏನು ಬರಬೇಕೆಂದೂ ಹೇಳುತ್ತಾನೆ. ಸುಳ್ಳಿನ ಜಾಗಕ್ಕೆ ಸತ್ಯ. ಕಳ್ಳತನದ ಜಾಗಕ್ಕೆ ಕೈಯಾರೆ ದುಡಿಮೆ, ಅದೂ ಇಲ್ಲದವರಿಗೆ ಕೊಡುವುದಕ್ಕಾಗಿ. ಬಿಡುವುದೊಂದನ್ನೇ ಹಿಡಿದು ಹೊರಟವರು ಸೋಲುವುದು ಇಲ್ಲಿಯೇ, ಖಾಲಿಯಾದ ಜಾಗಕ್ಕೆ ಹಳೆಯ ಚಾಳಿ ಮತ್ತೆ ಬಂದು ಕೂರುತ್ತದೆ.

ದಿನಕ್ಕೊಂದು ವಚನ ಸಾಕು. ಬೆಳಿಗ್ಗೆ ಅದನ್ನು ಒತ್ತಿ, ನೋಟ್ ತೆರೆದು, ಎಲ್ಲಿ, ಯಾವಾಗ, ಏನು ಎಂದು ಬರೆಯಿರಿ. ಕೆಟ್ಟ ಮಾತು ಬೇಡ ಎನ್ನುವ 29ನೇ ವಚನಕ್ಕೆ ‘ಒಳ್ಳೆಯ ಮಾತಾಡುತ್ತೇನೆ’ ಎಂದರೆ ಸಾಲದು. ‘ಮಧ್ಯಾಹ್ನ ಊಟಕ್ಕೆ ಕೂತಾಗ ಮ್ಯಾನೇಜರನ್ನು ಆಡಿಕೊಳ್ಳುವುದಿಲ್ಲ; ಅವರು ಮಾಡಿದ ಸಹಾಯವನ್ನು ಅವರೆದುರಿಗೇ ನೆನೆಯುತ್ತೇನೆ’ ಎಂದಿರಲಿ. ರಾತ್ರಿ ಅದೇ ನೋಟ್ ತೆರೆದು ಆಯಿತು, ಆಗಲಿಲ್ಲ ಎಂದು ಸೇರಿಸಿ, ಆಗದ್ದನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಡಿ. ನಮ್ಮ ಶ್ರಮದಿಂದಲೇ ಎಲ್ಲ ಆಗುವಂತಿದ್ದರೆ ಪವಿತ್ರಾತ್ಮನ ಸಹಾಯ ಬೇಡುವ ಅಗತ್ಯವೇ ಇರುತ್ತಿರಲಿಲ್ಲ. ಉಳಿಸುವ ಮುಂಚೆ ನೋಟ್ ಯಾರಿಗೆ ಕಾಣುತ್ತದೆಂದು ನೋಡಿ, ನಿಮಗೊಬ್ಬರಿಗೇ ಇರುವಂತೆ ಇಟ್ಟುಕೊಳ್ಳಿ.

ಒಂದು ವಚನವನ್ನು ಬೇರೆ ಬೇರೆ ಅನುವಾದಗಳಲ್ಲಿ ತೋರಿಸುವ ಕಂಪೇರ್ ಸೌಲಭ್ಯ ಮನೆಮಂದಿಗೆ ಉಪಯುಕ್ತ. ಅಮ್ಮ ಕನ್ನಡ, ಮಕ್ಕಳು ಇಂಗ್ಲಿಷ್ ಓದುವ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಕುಟುಂಬ ಪ್ರಾರ್ಥನೆಯಲ್ಲಿ ಒಂದೇ ವಚನವನ್ನು ಎರಡೂ ಭಾಷೆಯಲ್ಲಿ ಓದಬಹುದು. ಸ್ನೇಹಿತರೊಂದಿಗೆ ಯೋಜನೆ ಶುರುಮಾಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಇಡೀ ಯುವಜನ ಕೂಟವನ್ನು ಸೇರಿಸಿದರೆ ‘ಆಮೆನ್’ಗಳಷ್ಟೇ ಬರುತ್ತವೆ, ‘ನಿನ್ನೆ ಮತ್ತೆ ಅಪ್ಪನ ಮೇಲೆ ರೇಗಿದೆ, ನನಗಾಗಿ ಪ್ರಾರ್ಥಿಸು’ ಎಂದು ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ.