ಏರ್‌ಬ್ರಷ್ ತುದಿ ಒಣಗೋದಕ್ಕ ಯಾವ ಮದ್ದು ಬೇಷ್? ವಿಜಯಪುರದ ಬಿಸಲಾಗ ಹಾಕಿ ನೋಡಿದ್ದು

ಏಪ್ರಿಲ್, ಮೇ ತಿಂಗಳದಾಗ ವಿಜಯಪುರದಾಗ ಏರ್‌ಬ್ರಷ್ (ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸೋ ಪೆನ್ನಿನಂಥ ಸಾಧನ) ಹಿಡದು ಗೊಂಬಿಗೆ ಬಣ್ಣ ಹೊಡ್ಯಾಕ ಕೂತ್ರ ಇದ ತಕರಾರ ನೋಡ್ರಿ, ಮೊದಲ ಚಂದ ಹೊಡಿತೈತಿ, ಆಮ್ಯಾಲ ಬಣ್ಣ ಕಡಿಮಿ ಆಗಕೋತ ಹೋಗಿ ನಿಂತ ಬಿಡತೈತಿ, ಟ್ರಿಗರ್ ಇನ್ನಷ್ಟ ಹಿಂದ ಎಳದ್ರ ಫಟ್ ಅಂತ ಒಂದ ದಪ್ಪ ಹನಿ ಬಂದು ಗೊಂಬಿ ಮಾರಿ ಮ್ಯಾಲ ಬೀಳತೈತಿ. 40 ಡಿಗ್ರಿ ಬಿಸಲು, ಒಣ ಹವಾ, ಅದರ ಜೋಡಿ ಸೂಜಿ ತುದಿ ಮ್ಯಾಲ ಕಂಪ್ರೆಸರ್ ಗಾಳಿ ಬ್ಯಾರೆ, ಅಕ್ರಿಲಿಕ್ ಬಣ್ಣ ಅಲ್ಲೇ ಒಣಗಿ ಕಟ್ಟಕೋತೈತಿ. ಟಿಪ್ ಡ್ರೈ ಅನ್ನೋದು ಇದಕ್ಕ.

ನಾ ಮಾಡೋದು 28 ಎಂಎಂ ಗೊಂಬಿ, 1824ರ ಕಿತ್ತೂರು ಕಾಳಗದ್ದು. ಕಿತ್ತೂರಿನ ಮಂದಿಗೆ ಕೈ ಬ್ರಷ್‌ನಾಗ ನಡೀತೈತಿ, ಆದ್ರ ಕಂಪನಿ ಸಿಪಾಯಿಗಳ ಕೆಂಪು ಕೋಟು ಐತಲ್ಲ, ನೆರಳಿನಿಂದ ಬೆಳಕಿಗೆ ಮೆತ್ತಗ ಹೋಗಬೇಕಂದ್ರ ಏರ್‌ಬ್ರಷ್ಷ ಬೇಕು. ನನ್ನ ಹತ್ರ ಇರೋದು 0.3 ಎಂಎಂ ನೋಝಲ್‌ದು, ಮ್ಯಾಲ ಬಣ್ಣದ ಕಪ್ ಇರೋದು, ಡಬಲ್ ಆಕ್ಷನ್ (ಟ್ರಿಗರ್ ಒತ್ತಿದ್ರ ಗಾಳಿ, ಹಿಂದ ಎಳದ್ರ ಬಣ್ಣ). ಕೆಳಗ ಬರದಿದ್ದೆಲ್ಲಾ ಇದರ ಮ್ಯಾಲ ನೋಡಿದ್ದು.

ಮದ್ದು ಹುಡುಕೋಕಿಂತ ಮೊದಲ ರೋಗ ಯಾವದಂತ ನೋಡ್ಬೇಕ್ರಿ. ಕಪ್ಪಿನಾಗ ಗುಳ್ಳಿ ಏಳಾಕತ್ರ ಅದು ಟಿಪ್ ಡ್ರೈ ಅಲ್ಲ, ಗಾಳಿ ನೋಝಲ್ ಕಡಿಯಿಂದ ಹಿಂದ ಬರಾಕತ್ತೈತಿ ಅಂತ ಅರ್ಥ, ನೋಝಲ್ ಸಡಿಲ ಇರತೈತಿ ಇಲ್ಲಾ ಸೀಳಿರತೈತಿ ಇಲ್ಲಾ ಮುಂದಿನ ಕ್ಯಾಪ್ ಕಟ್ಟಿರತೈತಿ. ಸ್ಪ್ರೇ ಒಂದ ಮಗ್ಗಲಿಗೆ ವಾಲಾಕತ್ರ ಸೂಜಿ ತುದಿ ಬಾಗಿರಬೇಕು. ಗಾಳಿ ಅಷ್ಟ ಬಿಟ್ರೂ ಬಣ್ಣ ಬರಾಕತ್ರ ಸೂಜಿ ಪೂರ್ತಿ ಕೂತಿಲ್ಲ. ಮುಂದಿನ ಕ್ಯಾಪ್ ಬಿಚ್ಚಿ ಸೂಜಿ ತುದಿ ನೋಡ್ರಿ, ಬಣ್ಣದ ಗಂಟು ಕಂಡ್ರಷ್ಟ ಟಿಪ್ ಡ್ರೈ.

ಈಗ ಹೋಲಿಕಿ. ವಲ್ಲೆಹೋ ಮಾಡೆಲ್ ಕಲರ್ ಅನ್ನೋ ನೀರಿನ ಅಕ್ರಿಲಿಕ್ ಬಣ್ಣ ತಗೊಂಡೆ, ಪ್ರೆಷರ್ 18 ಪಿಎಸ್‌ಐ ಆಸುಪಾಸ ಇಟ್ಟೆ, ತೆಳು ಮಾಡೋದಷ್ಟ ಬದಲಿಸಕೋತ ಹೋದೆ.

ಬರೇ ನೀರು: ಬೋರ್ ನೀರು ಬಿಡ್ರಿ, ನಮ್ಮ ಕಡೆ ಗಡಸು ನೀರು, ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಹಾಕಿದ್ದು. ಮುಂಜಾನಿ ತಂಪಿನಾಗ ನಡೀತು, ಮಧ್ಯಾಹ್ನ ಏನೂ ಉಪಯೋಗ ಆಗ್ಲಿಲ್ಲ. ಜಾಸ್ತಿ ಹಾಕಿದ್ರ ಬಣ್ಣ ಗೊಂಬಿ ಮ್ಯಾಲ ಜೇಡರ ಕಾಲಿನಂಗ ಹರದಾಡತೈತಿ, ಒಣಗೋದಂತೂ ಒಣಗತೈತಿ.

ಐಪಿಎ: ಮೊಬೈಲ್ ರಿಪೇರಿ ಅಂಗಡ್ಯಾಗ ಸಿಗೋ ಐಸೊಪ್ರೊಪೈಲ್ ಆಲ್ಕೊಹಾಲ್. ಈ ಬಣ್ಣಕ್ಕ ಇದನ್ನ ಹಾಕಲೇಬ್ಯಾಡ್ರಿ, ಕಪ್ಪಿನಾಗ ಹಾಲು ಒಡದಂಗ ಗಂಟಗಂಟ ಆಗತೈತಿ, ಆ ಗಂಟು ನೋಝಲ್‌ನಾಗ ಹೋಗಿ ಕುಂದ್ರತೈತಿ. ಆದ್ರ ಟಾಮಿಯಾ ಅಕ್ರಿಲಿಕ್ ಇದ್ರ ಮಾತ ಬ್ಯಾರೆ, ಅದು ಆಲ್ಕೊಹಾಲ್ ಸೇರಿದ ಬಣ್ಣ, ಅವರದ ಎಕ್ಸ್-20ಎ ಥಿನ್ನರ್ (ತೆಳು ಮಾಡೋ ದ್ರವ) ಇಲ್ಲಾಂದ್ರ ಐಪಿಎ ಎರಡೂ ಒಪ್ಪತಾವ. ಎಕ್ಸ್‌ಎಫ್-7 ಕೆಂಪು ಐಪಿಎದಾಗ ಚಲೋ ಹೊಡೀತು, ಆದ್ರ ಆಲ್ಕೊಹಾಲ್ ಲಗೂ ಹಾರಿ ಹೋಗತೈತಿ, ಹಂಗಾಗಿ ಬ್ಯಾಸಗಿಗೆ ಎಕ್ಸ್-20ಎನ ಮೇಲು.

ಫ್ಲೋ ಇಂಪ್ರೂವರ್ (ಬಣ್ಣ ಸರಾಗ ಹರಿಯಾಕ ಹಾಕೋ ದ್ರವ): ಗೆದ್ದದ್ದು ಇದ. ಥಿನ್ನರ್ ಜೋಡಿ ಕಪ್ಪಿಗೆ ಒಂದೆರಡ ಹನಿ ಹಾಕಿದ್ರ ಸೂಜಿ ಮ್ಯಾಲ ಗಂಟು ಕಟ್ಟೋದು ತಡ ಆಗತೈತಿ. ಪೂರ್ತಿ ನಿಲ್ಲಂಗಿಲ್ಲ, ಅದನ್ನ ಯಾವದೂ ನಿಲ್ಲಸಂಗಿಲ್ಲ, ಆದ್ರ ಒಂದ ಕೋಟು ಮುಗಿಯೋ ತನಕ ಕೈ ಕೊಡಂಗಿಲ್ಲ, ನನಗ ಬೇಕಾದ್ದು ಅಷ್ಟ. ರೇಟು ಮಾತ್ರ ಜಾಸ್ತಿ, ಊರಾಗ ಸಿಗಂಗಿಲ್ಲ, ಆನ್‌ಲೈನ್ ತರಸಬೇಕು.

ಗ್ಲಿಸರಿನ್: ಮೆಡಿಕಲ್ ಅಂಗಡ್ಯಾಗ ಸಿಗತೈತಿ, ಭಾಳ ಅಗ್ಗ. ಡಿಸ್ಟಿಲ್ಡ್ ವಾಟರ್‌ನಾಗ ಮೊದಲ ಕಲಸಿ ಇಟ್ಕೊಂಡು, ಅದರದ ಒಂದ ಹನಿ ಬಣ್ಣಕ್ಕ ಹಾಕಿದ್ರ ಇಂಪ್ರೂವರ್‌ಗೆ ಭಾಳ ಹತ್ರ ಬರತೈತಿ ಅಂತ ನಾ ಧೈರ್ಯದಿಂದ ಹೇಳತೀನಿ. ಹನಿ ಎರಡಾದ್ರ ಬಣ್ಣ ಒಣಗೋದ ಇಲ್ಲ, ಮುಟ್ಟಿದ್ರ ಬೆರಳಿಗೆ ಅಂಟತೈತಿ, ಮ್ಯಾಲ ಧೂಳ ಕೂಡತೈತಿ, ನಮ್ಮೂರಾಗ ಧೂಳಿಗೇನ ಕಡಿಮಿ ಇಲ್ಲ. ರೊಕ್ಕ ಉಳಿಸೋರಿಗೆ ಗ್ಲಿಸರಿನ್, ಆರಾಮ ಬೇಕಂದವರಿಗೆ ಇಂಪ್ರೂವರ್.

ಪ್ರೆಷರ್ ಏರಿಸಿ ಗಂಟು ಊದಿ ಹಾಕ್ತೀನಿ ಅಂತ 30ರ ಮ್ಯಾಲ ಒಯ್ಯೋರು ಅದಾರ. ಒಂದ ಕ್ಷಣ ಬಣ್ಣ ಬರತೈತಿ ಖರೆ, ಆದ್ರ ಗಾಳಿ ಜೋರಾದಷ್ಟೂ ತುದಿ ಇನ್ನೂ ಲಗೂ ಒಣಗತೈತಿ. ಅದಕ್ಕಿಂತ ಒದ್ದಿ ಮಾಡಿದ ಮೆತ್ತನ ಬ್ರಷ್ ಮಗ್ಗಲಕ ಇಟ್ಕೊಂಡು ಸೂಜಿ ತುದಿ ಆಗಾಗ ವರಸ್ರಿ, ಖರ್ಚ ಇಲ್ಲದ ಮದ್ದು.

ತೊಳಿಯೋದಕ್ಕ ಬಂದ್ರ, ಹಸಿ ಬಣ್ಣಕ್ಕ ನೀರು ಮತ್ತ ಒಂದ ಹನಿ ಪಾತ್ರಿ ತೊಳಿಯೋ ಲಿಕ್ವಿಡ್ ಸಾಕು. ಒಣಗಿದ್ದಕ್ಕ ಐಪಿಎದಾಗ ನೆನಸಿದ್ರ ಮೆತ್ತಗ ಆಗತೈತಿ (ಕಪ್ಪು ಖಾಲಿ ಮಾಡಿ ನೀರಿನಿಂದ ತೊಳದ ಮ್ಯಾಲ ಹಾಕ್ರಿ, ಇಲ್ಲಾಂದ್ರ ಮತ್ತ ಅದ ಗಂಟು). ಪೂರ್ತಿ ಕಲ್ಲಾಗಿದ್ರ ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ (ಲ್ಯಾಕರ್ ತೆಳು ಮಾಡೋ ದ್ರವ) ಕೆಲಸ ಮಾಡತೈತಿ, ಭಾಳ ಲಗೂ ಮಾಡತೈತಿ, ಆದ್ರ ರಬ್ಬರ್ ಓ-ರಿಂಗ್ ಇದ್ರ ಉಬ್ಬಿ ಹಾಳಾಗತಾವ, ಬಿಳಿ ಟೆಫ್ಲಾನ್‌ದ ಇದ್ರ ಚಿಂತಿಲ್ಲ. ಕಿಡಕಿ ತಗದ ಮಾಡ್ರಿ, ಬಟ್ಟಿ ಮಾಸ್ಕು, ಎನ್-95 ಯಾವದೂ ಆ ವಾಸನಿ ತಡಿಯಂಗಿಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋದ ಬೇಕು. ಚಸ್ಮಾ ತೊಳಿಯೋ ಸಣ್ಣ ಅಲ್ಟ್ರಾಸೋನಿಕ್ ಮಷಿನ್ನೂ ನೋಡಿದೆ, ನೋಝಲ್ ಸಂದಿಗೆ ಚಲೋ, ಆದ್ರ ಅದರಾಗ ನೀರಷ್ಟ ಹಾಕ್ರಿ, ಥಿನ್ನರ್ ಎಂದೂ ಬ್ಯಾಡ, ಬೆಂಕಿ ಹತ್ತೋ ವಸ್ತು ಅದು. ನೋಝಲ್ ಒಳಗ ಟಾಚಣಿ ಚುಚ್ಚಬ್ಯಾಡ್ರಿ, ಬಾಯಿ ಅಗಲ ಆಗತೈತಿ, ಹಲ್ಲಿನ ಸಂದಿಗೆ ಹಾಕೋ ಸಣ್ಣ ಬ್ರಷ್ ಹಿಂದಿನಿಂದ ಹಾಕ್ರಿ.

ಗುಳ್ಳಿ ಬರೋರಿಗೆ ಒಂದ ಮಾತ. ತಿರುವಿ ಹಾಕೋ ಸಣ್ಣ ನೋಝಲ್‌ಗೆ ಟೆಫ್ಲಾನ್ ಟೇಪ್ ಸುತ್ತೋದು ಕಂಡೀನಿ, ಅಷ್ಟ ಸಣ್ಣ ಥ್ರೆಡ್‌ಗೆ ಟೇಪ್ ದಪ್ಪ ಆಗತೈತಿ, ನೋಝಲ್ ಸೊಟ್ಟ ಕೂಡತೈತಿ. ಥ್ರೆಡ್‌ಗೆ ಚೂರ ಜೇನುಮೇಣ ಹಚ್ಚಿದ್ರ ಗಾಳಿ ಸೋರೋದು ನಿಂತ ಹೋಗತೈತಿ. ಟೇಪು ಪೈಪಿನ ಜೋಡಣಿಗೆ ಇರಲಿ. ಪಾನಾ ಹಿಡದು ಭಾಳ ಬಿಗಿ ಮಾಡಬ್ಯಾಡ್ರಿ, ಥ್ರೆಡ್ ಮುರದು ಒಳಗ ಉಳಕೋತೈತಿ.

ಬೆಳಗಾವ್ಯಾಗಿನ ದೋಸ್ತನ ಹತ್ರಾನೂ ಇಂಥದ ಏರ್‌ಬ್ರಷ್ ಐತಿ, ಅವನ ಕಥಿ ಉಲ್ಟಾ. ಜುಲೈ ಆಗಸ್ಟ್ ಮಳ್ಯಾಗ ಟಿಪ್ ಡ್ರೈ ಅನ್ನೋದ ಇಲ್ಲ, ಬಣ್ಣದ ಜೋಡಿ ನೀರಿನ ಹನಿ ಹಾರತಾವ. ಹಸಿ ಹವಾ ಕಂಪ್ರೆಸರ್‌ನಾಗ ಒತ್ತಿ ಬಿಸಿ ಆಗಿ ಬರತೈತಿ, ಪೈಪಿನಾಗ ತಂಪಾಗಿ ನೀರ ಬಿಡತೈತಿ. ಅವನ ಕಂಪ್ರೆಸರ್ ಟ್ಯಾಂಕ್ ಇಲ್ಲದ್ದು, ನಂದು 3 ಲೀಟರ್ ಟ್ಯಾಂಕಿಂದು, ಟ್ಯಾಂಕಿನಾಗ ಗಾಳಿ ನಿಂತು ತಂಪಾಗಿ ನೀರ ಅಲ್ಲೇ ಕೆಳಗ ಕೂಡತೈತಿ, ಕೆಲಸ ಮುಗಿದ ಮ್ಯಾಲ ಕೆಳಗಿನ ಸ್ಕ್ರೂ ಬಿಚ್ಚಿ ಬಿಡಬೇಕಷ್ಟ. ಅವಂಗ ಕಂಪ್ರೆಸರ್ ಮ್ಯಾಲಿನ ಮಾಯಿಶ್ಚರ್ ಟ್ರ್ಯಾಪ್ (ಗಾಳಿಯಾಗಿನ ನೀರ ಹಿಡಿಯೋ ಡಬ್ಬಿ) ಸಾಲಲಿಲ್ಲ, ಏರ್‌ಬ್ರಷ್ ಬುಡಕ ಹಾಕೋ ಸಣ್ಣ ಫಿಲ್ಟರ್ ಹಾಕಿದ ಮ್ಯಾಲ ಹನಿ ನಿಂತಾವ, ಯಾಕಂದ್ರ ನೀರ ಆಗೋದು ಪೈಪಿನಾಗ, ಟ್ರ್ಯಾಪ್ ಇರೋದು ಅದಕ್ಕಿಂತ ಹಿಂದ. ಫ್ಲೋ ಇಂಪ್ರೂವರ್ ಅಂವ ಮಳಿಗಾಲದಾಗ ಮುಟ್ಟಂಗೂ ಇಲ್ಲ, ಹಾಕಿದ್ರ ಕೋಟು ರಾತ್ರಿ ತನಕ ಹಸೀನ ಇರತೈತಂತ.