ಜೇಬಿನ ಸಂಗೀತ ನಿಘಂಟು: ಇಟಾಲಿಯನ್‌ಗೆ ಸಾಕು, ಜರ್ಮನ್‌ಗೆ ಸಾಲದು

ಮುಂಬೈನ ಧೋಬಿ ತಲಾವ್ ಹತ್ತಿರದ ಮ್ಯೂಸಿಕ್ ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ಅಂಗೈ ಅಗಲದ ಒಂದು ನಿಘಂಟು ತಗೊಂಡೆ. ಆರ್ಕೆಸ್ಟ್ರಾ ಸ್ಕೋರ್‌ಗಳಲ್ಲಿ, ಅಂದರೆ ಸ್ವರಲಿಪಿಯ ಪುಟಗಳಲ್ಲಿ, ಬರುವ ಇಟಾಲಿಯನ್, ಜರ್ಮನ್, ಫ್ರೆಂಚ್ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ಪುಸ್ತಕ. ನಾನು ಇಲ್ಲಿ ಮುಂಬೈಯಲ್ಲಿ ಒಂದು ಹವ್ಯಾಸಿ ತಂಡದಲ್ಲಿ ವಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸುತ್ತೇನೆ. ಡೊಂಬಿವಲಿಯಿಂದ ರಿಹರ್ಸಲ್‌ಗೆ ಹೊರಟರೆ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕ ದಿನ ಇದನ್ನೇ ಓದುತ್ತೇನೆ. ಒಂದು ವರ್ಷ ಆಯಿತು.

ಇಟಾಲಿಯನ್ ಭಾಗ ತುಂಬಾ ಚೆನ್ನಾಗಿದೆ. ‘ಅಲೆಗ್ರೊ ಮಾ ನೊನ್ ತ್ರೊಪ್ಪೊ’ ಅಂದರೆ ಚುರುಕಾಗಿ, ಆದರೆ ಜಾಸ್ತಿ ಬೇಡ. ‘ಪೋಕೊ ಆ ಪೋಕೊ’ ಅಂದರೆ ಸ್ವಲ್ಪ ಸ್ವಲ್ಪವಾಗಿ, ನಮ್ಮ ಹಾಗೇ ಪದವನ್ನು ಎರಡು ಸಲ ಹೇಳುತ್ತಾರೆ ನೋಡಿ. ‘ಕೊನ್ ಸೊರ್ದೀನೊ’ ಬಂದರೆ ದನಿ ತಗ್ಗಿಸುವ ಮ್ಯೂಟ್ ಹಾಕಿ, ‘ಸೆಂತ್ಸಾ ಸೊರ್ದೀನೊ’ ಬಂದರೆ ತೆಗೆಯಿರಿ. ‘ಕೊಲ್ ಲೆನ್ಯೊ’ ಅಂದರೆ ಕಮಾನಿನ ಕೂದಲು ಬಿಟ್ಟು ಕಡ್ಡಿಯನ್ನು ತಂತಿಗೆ ತಾಗಿಸಿ ನುಡಿಸಿ. ಎಲ್ಲಾ ಸ್ಪಷ್ಟವಾಗಿದೆ.

ಕಷ್ಟ ಶುರುವಾಗಿದ್ದು ಸಂಗೀತ ರಚನಕಾರ ಮಾಲರ್ ಹತ್ತಿರ ಬಂದಾಗ. 1889ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಸಲ ನುಡಿಸಿದ ಅವನ ಮೊದಲನೇ ಸಿಂಫನಿಯ ಒಂದು ಭಾಗವನ್ನು ನಾವು ಎತ್ತಿಕೊಂಡಿದ್ದೆವು. ಮೇಲೆ ‘ಓನ ತ್ಸೂ ಶ್ಲೆಪ್ಪೆನ್’ ಅಂತ ಇತ್ತು. ನಿಘಂಟಿನಲ್ಲಿ ‘ಶ್ಲೆಪ್ಪೆನ್’ ಇದೆ: ಎಳೆ. ‘ಓನ’ ಇಲ್ಲ. ಹಾಗಾಗಿ ನಾನು ಮನೆಯಲ್ಲಿ ವಾರವಿಡೀ ಲಯವನ್ನು ಎಳೆದು ಎಳೆದು ನಿಧಾನವಾಗಿ ಅಭ್ಯಾಸ ಮಾಡಿದೆ, ರಿಹರ್ಸಲ್‌ನಲ್ಲಿ ಕಂಡಕ್ಟರ್ ನಿಲ್ಲಿಸಿ ಹೇಳಿದಾಗಲೇ ಗೊತ್ತಾಗಿದ್ದು ಅದರ ಅರ್ಥ ಪೂರ್ತಿ ಉಲ್ಟಾ, ‘ಎಳೆಯದೆ’ ಅಂತ. ಅದೇ ಸಿಂಫನಿಯ ಮೊದಲ ಭಾಗದಲ್ಲಿ ‘ಶ್ಲೆಪ್ಪೆಂಡ್’ ಅಂತಲೇ ಇದೆ, ಅಲ್ಲಿ ನಿಜವಾಗಿಯೂ ಎಳೆಯಬೇಕು. ಕನ್ನಡದಲ್ಲಿ ‘ಅದೆ’, ‘ಬೇಡಿ’ ಎಲ್ಲಾ ಕ್ರಿಯಾಪದದ ಬಾಲಕ್ಕೆ ಅಂಟಿರುತ್ತವೆ. ನಮ್ಮ ಕಣ್ಣು ಅಲ್ಲೇ ಹುಡುಕುತ್ತದೆ. ಜರ್ಮನ್‌ನಲ್ಲಿ ‘ನಿಷ್ಟ್ ಐಲೆನ್’, ಮೊದಲು ‘ಬೇಡ’, ಆಮೇಲೆ ‘ಅವಸರ’. ಇಂಥ ಪುಟ್ಟ ಪದಗಳನ್ನು ಬಿಟ್ಟ ನಿಘಂಟು ಯಾಕೆ ಬೇಕು ಹೇಳಿ? ಭಾವ ಹೇಳುವ ಪದವನ್ನು ಸಂಗೀತ ಕೇಳಿಯೇ ಊಹಿಸಬಹುದು. ‘ಬೇಡ’ ಅನ್ನುವುದನ್ನು ಊಹಿಸಲು ಆಗುವುದಿಲ್ಲ.

ವಾದ್ಯಗಳ ಹೆಸರೂ ಇಲ್ಲ. ವಯೋಲಾಗೆ ಜರ್ಮನ್‌ನಲ್ಲಿ ‘ಬ್ರಾಚೆ’, ಫ್ರೆಂಚ್‌ನಲ್ಲಿ ‘ಆಲ್ಟೊ’. ಜರ್ಮನ್ ಸ್ಕೋರ್‌ನಲ್ಲಿ ‘ಬಿ’ ಅಂದರೆ ಅರ್ಧ ಸ್ವರ ಕೆಳಗಿನ ಬಿ ಫ್ಲಾಟ್, ಮಾಮೂಲಿ ಬಿ ಸ್ವರಕ್ಕೆ ‘ಎಚ್’ ಅಂತಾರೆ. ಟಿಂಪನಿ ಎಂಬ ದೊಡ್ಡ ನಗಾರಿಗಳನ್ನು ಶ್ರುತಿ ಮಾಡುವವರಿಗೆ ಇದು ಗೊತ್ತಿರಲೇಬೇಕು ಅಲ್ವಾ? ಅಕ್ಷರವೂ ಸಣ್ಣದು, ಸಂಜೆಯ ರೈಲಿನಲ್ಲಿ ಓದುವುದು ಕಷ್ಟ. ಬೈಂಡಿಂಗ್ ಮಾತ್ರ ಗಟ್ಟಿ.

ಹೊಸದಾಗಿ ಕಲಿಯುತ್ತಿದ್ದರೆ ತಗೊಳ್ಳಿ, ಇಟಾಲಿಯನ್ ಭಾಗದಿಂದಲೇ ದುಡ್ಡು ವಸೂಲು. ಕೊನೆಯ ಖಾಲಿ ಪುಟದಲ್ಲಿ ನಾನು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ: ನಿಷ್ಟ್, ಬೇಡ. ಓನ, ಇಲ್ಲದೆ. ಎಟ್ವಾಸ್, ಸ್ವಲ್ಪ. ನೋಖ್, ಇನ್ನೂ. ಇಮ್ಮರ್, ಯಾವಾಗಲೂ. ಡೆಂಪ್ಫರ್ ವೆಗ್, ಮ್ಯೂಟ್ ತೆಗೆ. ನೀವೂ ಮೊದಲ ದಿನವೇ ಬರೆದುಕೊಳ್ಳಿ.